ಮಂಡ್ಯ–ಮೈಸೂರು ದಿನದ ಓಡಾಟಕ್ಕೆ ವ್ಯಾಗನ್ ಆರ್ ಸಿಎನ್‌ಜಿಯೋ, ಸ್ವಿಫ್ಟ್ ಪೆಟ್ರೋಲೋ?

ಮಂಡ್ಯದಿಂದ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಹೋಗಿ ಬಂದರೆ ದಿನಕ್ಕೆ 100 ಕಿ.ಮೀ. ಹತ್ತಿರ ಆಗುತ್ತದೆ. ಇಷ್ಟು ಓಡಿಸುವವರಿಗೆ ಕಾರಿನ ಬೆಲೆಗಿಂತ ಪಂಪಿನ ಬಿಲ್ಲೇ ಜಾಸ್ತಿ ಕಾಡುತ್ತದೆ. ಹಾಗಾಗಿ ಕೊಳ್ಳುವ ಮೊದಲು ಮನೆಯವರ, ಗೆಳೆಯರ ಕಾರುಗಳನ್ನು ಕೇಳಿ ಪಡೆದು ಇದೇ ದಾರಿಯಲ್ಲಿ ಓಡಿಸಿ ನೋಡಿದೆ. ಟ್ಯಾಂಕ್ ತುಂಬಿಸಿ ವಾಪಸ್ ಕೊಡ್ತೀನಿ ಅಂದರೆ ಯಾರೂ ಬೇಡ ಅನ್ನುವುದಿಲ್ಲ.

ಕಂಪನಿ ಹೇಳುವ ಮೈಲೇಜ್ ಲ್ಯಾಬಿನಲ್ಲಿ ರೋಲರ್ ಮೇಲೆ ಓಡಿಸಿ ಅಳೆದದ್ದು. ಆ ಪರೀಕ್ಷೆಯಲ್ಲಿ ವೇಗ 90 ದಾಟುವುದೇ ಇಲ್ಲ, ಹೆಚ್ಚಿನ ಹೊತ್ತು ಅದಕ್ಕಿಂತ ತುಂಬಾ ಕಡಿಮೆ. ನಮ್ಮ ಹೈವೇಯಲ್ಲಿ ಕಾರಿಗೆ 100ರವರೆಗೆ ಅವಕಾಶ ಇದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಲೆಕ್ಕ ತಪ್ಪುವುದು ಅಲ್ಲೇ.

ಭಾವನ ಹಳೇ ಸ್ವಿಫ್ಟ್ ಡೀಸೆಲ್‌ನಿಂದ ಶುರು ಮಾಡಿದೆ. ಹೈವೇಗೆ ಅಂತಲೇ ಮಾಡಿದ ಗಾಡಿ ಅದು. ಐದನೇ ಗೇರಿಗೆ ಹಾಕಿ ಬಿಟ್ಟರೆ ಆಯಿತು, ಎಂಜಿನ್ ಗೊಣಗುವುದಿಲ್ಲ. ಆದರೆ 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ಮಾಡುವುದನ್ನೇ ನಿಲ್ಲಿಸಿತು. ಈಗ ಬೇಕೆಂದರೆ ಸೆಕೆಂಡ್ ಹ್ಯಾಂಡ್ ಮಾತ್ರ. ಅದೂ ಲಕ್ಷ ಕಿ.ಮೀ. ದಾಟಿದ ಗಾಡಿಗಳೇ ಸಿಗುತ್ತವೆ. ಮನಸ್ಸು ಹೋಯಿತು, ಧೈರ್ಯ ಬರಲಿಲ್ಲ. ಕರೆಂಟ್ ಕಾರಿನ ಮಾತೂ ಬಂತು. ಮೇಲ್ಮಹಡಿಯ ಬಾಡಿಗೆ ಮನೆಯಿಂದ ರಸ್ತೆಗೆ ವೈರ್ ಇಳಿಸಲಾಗುತ್ತದೆಯೇ? ಬಿಟ್ಟೆ.

ಉಳಿದದ್ದು ನಿಜವಾದ ಪೈಪೋಟಿ.

ಆಫೀಸಿನ ಗೆಳೆಯನದು 2024ರಲ್ಲಿ ಬಂದ ಹೊಸ ಸ್ವಿಫ್ಟ್. 1.2 ಲೀಟರ್, ಮೂರು ಸಿಲಿಂಡರ್ ಎಂಜಿನ್. ಮ್ಯಾನುಯಲ್‌ಗೆ ಕಂಪನಿ ಲೆಕ್ಕ ಲೀಟರಿಗೆ 24.8 ಕಿ.ಮೀ. 80–85ರಲ್ಲಿ ಹಿಡಿದಿಟ್ಟರೆ ನನಗೆ 22ರ ಸುತ್ತಮುತ್ತ ಬಂತು. 100ಕ್ಕೆ ಏರಿಸಿದ ದಿನ 19ಕ್ಕೆ ಇಳಿಯಿತು. ಪೆಟ್ರೋಲಿಗೆ ಈಗ ನೂರಕ್ಕೆ 20 ಪಾಲಿನವರೆಗೆ ಎಥನಾಲ್ ಬೆರೆಸುತ್ತಾರೆ. ಎಥನಾಲ್‌ನಲ್ಲಿ ಶಕ್ತಿ ಕಡಿಮೆ, ಆದ್ದರಿಂದ ಮೈಲೇಜೂ ಸ್ವಲ್ಪ ಕುಸಿಯುತ್ತದೆ. ಎಥನಾಲ್ ಕಬ್ಬಿನಿಂದಲೂ ಬರುತ್ತದೆ, ಹಾಗಾಗಿ ಕಬ್ಬು ಬೆಳೆಯುವ ಜಿಲ್ಲೆಯವರು ಇದಕ್ಕೆ ಜಾಸ್ತಿ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ ಬಿಡಿ. ಕಾರು ಮಾತ್ರ ನೆಲ ಹಿಡಿದು ಓಡುತ್ತದೆ. ಪಕ್ಕದಲ್ಲಿ ಬಸ್ಸು ಹಾದು ಹೋದರೂ ಅಲುಗುವುದಿಲ್ಲ.

ಚಿಕ್ಕಪ್ಪನ ವ್ಯಾಗನ್ ಆರ್ ಸಿಎನ್‌ಜಿ ಇದಕ್ಕೆ ಪೂರ್ತಿ ಉಲ್ಟಾ. ಬೀರು ನಿಲ್ಲಿಸಿದ ಹಾಗೆ ಎತ್ತರ. ಶ್ರೀರಂಗಪಟ್ಟಣ ಬೈಪಾಸ್‌ನಲ್ಲಿ ಗಾಳಿ ಬೀಸಿದರೆ ಸ್ಟೀರಿಂಗ್ ಗಟ್ಟಿಯಾಗಿ ಹಿಡಿಯಬೇಕು. ಗ್ಯಾಸಿನಲ್ಲಿ ಎಂಜಿನ್ ಮಂದ, ಓವರ್‌ಟೇಕ್‌ಗೆ ಒಂದು ಗೇರ್ ಇಳಿಸಲೇಬೇಕು. ಕಂಪನಿ ಹೇಳುವುದು ಕೆಜಿಗೆ 34 ಕಿ.ಮೀ. ನನಗೆ 80–85ರಲ್ಲಿ 28 ಬಂತು. 100ರಲ್ಲಿ ಓಡಿಸಿದರೆ 24 ದಾಟಲಿಲ್ಲ. ಎತ್ತರದ ಕಾರಿಗೆ ಗಾಳಿಯ ಏಟು ಜಾಸ್ತಿ, ಅಲ್ವಾ?

ಆದರೂ ದುಡ್ಡಿನ ಲೆಕ್ಕ ನೋಡಿ. ಪೆಟ್ರೋಲ್ ಲೀಟರಿಗೆ 103, ಗ್ಯಾಸ್ ಕೆಜಿಗೆ 90 ರೂಪಾಯಿ ಅಂತ ಹಿಡಿಯೋಣ. ನಿಧಾನಕ್ಕೆ ಓಡಿಸಿದರೆ 100 ಕಿ.ಮೀ.ಗೆ ಸ್ವಿಫ್ಟ್ ಸುಮಾರು 470 ರೂಪಾಯಿ ತಿನ್ನುತ್ತದೆ, ವ್ಯಾಗನ್ ಆರ್ 320. ತಿಂಗಳಿಗೆ 25 ದಿನ ಅಂದರೆ ಮೂರೂವರೆ ಸಾವಿರದ ಮೇಲೆ ಉಳಿತಾಯ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದ ಮೇಲೆ ಎರಡೂ ಅಗ್ಗವಾಗಿವೆ. ಮಧ್ಯದ ಮಾದರಿಗಳನ್ನು ಹೋಲಿಸಿದರೆ ಬೆಲೆಯೂ ಹತ್ತಿರ ಹತ್ತಿರ.

ಟೋಲ್ ಎಲ್ಲಾ ಕಾರಿಗೂ ಒಂದೇ, ಹೋಲಿಕೆಗೆ ಬೇಕಿಲ್ಲ. ಆದರೂ ಹೇಳಿಬಿಡುತ್ತೇನೆ. 2025ರಲ್ಲಿ 3,000 ರೂಪಾಯಿಗೆ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್‌ನಲ್ಲಿ 200 ಸಲ ದಾಟಬಹುದು. ಆ ಬೆಲೆಗೆ ಗಣಂಗೂರು ಟೋಲ್‌ನಲ್ಲಿ ಒಂದು ಸಲಕ್ಕೆ 15 ರೂಪಾಯಿ ಬಿದ್ದ ಹಾಗಾಯಿತು. ಹೆಸರಿಗೆ ವಾರ್ಷಿಕ, ನಮ್ಮಂಥವರಿಗೆ ನಾಲ್ಕೇ ತಿಂಗಳು.

ಸಿಎನ್‌ಜಿಯ ಕಷ್ಟ ಪಂಪಿನಲ್ಲಿದೆ. ಸಂಜೆ ಹೊತ್ತು ಆಟೋಗಳ ಸಾಲಿನ ಹಿಂದೆ ನಿಲ್ಲಬೇಕು. ಸರದಿ ಬಂದಾಗ ಎಲ್ಲರೂ ಇಳಿಯಬೇಕು. ಒತ್ತಡ 200 ಬಾರ್ ಇಲ್ಲದಿದ್ದರೆ ಸಿಲಿಂಡರ್ ಪೂರ್ತಿ ತುಂಬುವುದಿಲ್ಲ. ಬಿಸಿಲಲ್ಲಂತೂ ಇನ್ನೂ ಕಡಿಮೆ ಹಿಡಿಯುತ್ತದೆ. ಬೆಳಿಗ್ಗೆ ಬೇಗ ಹೋಗಿ ತುಂಬಿಸಿಕೊಂಡರೆ ಈ ಗೋಳು ಅರ್ಧ ತಪ್ಪುತ್ತದೆ. ಡಿಕ್ಕಿಯಲ್ಲಿ ಸಿಲಿಂಡರ್ ಕೂತಿರುವುದರಿಂದ ಅಕ್ಕಿ ಮೂಟೆ ಹಿಂದಿನ ಸೀಟಿಗೇ. ಟಾಟಾ ಟಿಯಾಗೊದಲ್ಲಿ ಎರಡು ಚಿಕ್ಕ ಸಿಲಿಂಡರ್ ಕೆಳಗೆ ಮಲಗಿಸಿ ಜಾಗ ಉಳಿಸಿದ್ದಾರೆ, ಗ್ಯಾಸಿನಲ್ಲೇ ಸ್ಟಾರ್ಟ್ ಕೂಡ ಆಗುತ್ತದೆ. ಷೋರೂಮಿನವರ ಜೊತೆ ಒಂದು ಸುತ್ತು ಹಾಕಿದೆ, ಇಷ್ಟವಾಯಿತು. ಆದರೆ ಮ್ಯಾನುಯಲ್‌ಗೆ ಕಂಪನಿಯೇ ಹೇಳುವ ಮೈಲೇಜ್ ಕೆಜಿಗೆ 26.49 ಕಿ.ಮೀ. ನನ್ನ ಓಡಾಟಕ್ಕೆ ಅದು ಸಾಲದು.

ನಾನು ವ್ಯಾಗನ್ ಆರ್ ಸಿಎನ್‌ಜಿ ಕಡೆಗೆ. ನನ್ನ ಕಾಲು 85ರಲ್ಲೇ ಸುಮ್ನೆ ಇರುತ್ತದೆ, ಮಂಡಿ ನೋವಿನ ಅಪ್ಪನಿಗೂ ಎತ್ತರದ ಸೀಟಿಗೆ ಹತ್ತುವುದು ಸಲೀಸು. ನೀವು 100ಕ್ಕೆ ಕಡಿಮೆ ಓಡಿಸದವರಾದರೆ ಇದನ್ನು ಕೊಳ್ಳಬೇಡಿ. ದುಡ್ಡು ಉಳಿದರೂ ಮೈಕೈ ನೋವು ಬರುತ್ತದೆ. ಸ್ವಿಫ್ಟ್ ತಗೊಳ್ಳಿ, ಅದರಲ್ಲೂ ಸಿಎನ್‌ಜಿ ಬರುತ್ತದೆ. ಸೆಕೆಂಡ್ ಹ್ಯಾಂಡ್ ಸಿಎನ್‌ಜಿ ನೋಡುತ್ತಿದ್ದರೆ ಸಿಲಿಂಡರ್ ಪರೀಕ್ಷೆಯ ತಾರೀಕು ಕೇಳಿ. ಮೂರು ವರ್ಷಕ್ಕೊಮ್ಮೆ ಅದು ಆಗಲೇಬೇಕು.