ಗಾಡಿಗೆ ಟರ್ಬೊ ಬೂಸ್ಟ್ ಬರ್ತಿಲ್ಲ ಅಂದ್ರೆ ಈ ಗ್ಯಾರೇಜಿಗೆ ತೋರ್ಸಿ

ಡೀಸೆಲ್ ಗಾಡಿ, ಆಗುಂಬೆ ಘಾಟಿ ಹತ್ತೋವಾಗ ಪಿಕಪ್ಪೇ ಇಲ್ಲ, ಎರಡನೇ ಗೇರಲ್ಲೂ ಏದುಸಿರು, ಹಿಂದೆ ಕಪ್ಪು ಹೊಗೆ ಬೇರೆ. ಇನ್ನೊಂದ್ ಗ್ಯಾರೇಜಲ್ಲಿ ಬಾನೆಟ್ ಎತ್ತಿದ್ದೇ ಟರ್ಬೋನೇ (ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಭಾಗ) ಹೋಗಿದೆ, ಹೊಸದು ಹಾಕ್ಬೇಕು ಅಂದ್ಬಿಟ್ರು. ಶಿವಮೊಗ್ಗ ಸಾಗರ ರೋಡಲ್ಲಿರೋ ಈ ಗ್ಯಾರೇಜಿನವ್ರು ಮೊದ್ಲು ಸ್ಕ್ಯಾನರ್ ಹಾಕಿದ್ರು, ಪಿ0299 ಅನ್ನೋ ಎರರ್ ಕೋಡ್ ಬಂತು, ಅಂದ್ರೆ ಬೂಸ್ಟ್ (ಟರ್ಬೊ ಒತ್ತೋ ಗಾಳಿ) ಕಮ್ಮಿ ಅಂತ ಅಷ್ಟೇ, ಟರ್ಬೊ ಸತ್ತಿದೆ ಅಂತಲ್ಲ. ಆಮೇಲೆ ಸ್ಮೋಕ್ ಟೆಸ್ಟ್ (ಪೈಪೊಳಗೆ ಹೊಗೆ ಬಿಟ್ಟು ಲೀಕ್ ಹುಡ್ಕೋದು) ಮಾಡಿದ್ರೆ, ಟರ್ಬೊ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರ್ ಪೈಪಲ್ಲಿ ಕ್ಲಾಂಪ್ ಕೆಳಗೆ ಸಣ್ಣ ಸೀಳು, ಸುತ್ತ ಎಣ್ಣೆ ಜಿಡ್ಡಿಗೆ ಧೂಳು ಮೆತ್ಕೊಂಡಿದೆ, ಹೊಗೆ ಅಲ್ಲಿಂದ್ಲೇ ಬುಸ್ಸಂತ ಬಂತು! ಟರ್ಬೊ ಒತ್ತಡ ಹತೋಟೀಲಿ ಇಡೋ ಆಕ್ಚುಯೇಟರಿನ ವ್ಯಾಕ್ಯೂಮ್ ಪೈಪೂ ನೋಡಿದ್ರು, ಸರಿ ಇತ್ತು. ಪೈಪ್ ಬದಲಾಯ್ಸಿ ಹಳೇದನ್ನ ಕೈಗೇ ಕೊಟ್ರು, ಇದು ಇಷ್ಟ ಆಯ್ತು. ಫೋನ್ ಮಾತ್ರ ಎತ್ತಲ್ಲ ಮಾರಾಯ್ರೆ, ಕೂರೋಕೂ ಜಾಗ ಇಲ್ಲ. ಬೆಳಿಗ್ಗೆ ಬೇಗ ಹೋಗಿ, ಆಮೇಲೆ ಟ್ಯಾಕ್ಸಿಗಳ ಸಾಲು.