ಸೆಸ್ನಾ 340ಎ: ಸೀಟು ಆರು, ಲೆಕ್ಕಕ್ಕೆ ಮೂರೇ

ಒತ್ತಡದ ಕ್ಯಾಬಿನ್ ಇರುವ ಪುಟ್ಟ ಅವಳಿ ಎಂಜಿನ್ ವಿಮಾನ, ಹಳೆಯ 340ಎ ಕೊಳ್ಳಲು ಹೊರಟವರು ಬಣ್ಣ, ಸೀಟಿನ ಚರ್ಮ, ಹೊಸ ಡಿಸ್‌ಪ್ಲೇಗಳನ್ನು ನೋಡಿ ಮರುಳಾಗುವುದುಂಟು. ಎಂಜಿನ್ನಿನ ಹೊದಿಕೆಯಾದ ಕೌಲಿಂಗ್ ಬಿಚ್ಚಿಸಿ ಮೊದಲು ಎಗ್ಸಾಸ್ಟ್, ಅಂದರೆ ಹೊಗೆಪೈಪು ನೋಡಿ.

ಸೆಸ್ನಾ ಇದನ್ನು ಕೈಗೆತ್ತಿಕೊಂಡಿದ್ದು 1969ರಲ್ಲಿ. ಮರುವರ್ಷವೇ ಪ್ರೊಟೊಟೈಪ್ ಅಪಘಾತದಲ್ಲಿ ನಾಶವಾಗಿ ಕೆಲಸ ಹಿಂದೆ ಬಿತ್ತು. ಮಾರಾಟ ಶುರುವಾಗಿದ್ದು 1971ರ ಕೊನೆಗೆ. ಸೆಸ್ನಾದ್ದೇ ಬೇರೆ ವಿಮಾನಗಳಾದ 414ರ ರೆಕ್ಕೆ, 310ರ ಬಾಲ: ಮನೆಯಲ್ಲಿದ್ದ ಸಾಮಾನಿನಲ್ಲೇ ಮಾಡಿದ ಅಡುಗೆ. ಮೊದಲ 340ರಲ್ಲಿ 285 ಅಶ್ವಶಕ್ತಿಯ ಎರಡು ಕಾಂಟಿನೆಂಟಲ್ ಎಂಜಿನ್‌ಗಳು, 1976ರ ‘ಎ’ ಮಾದರಿಯಲ್ಲಿ 310 ಅಶ್ವಶಕ್ತಿಯವು. ಕೊಳ್ಳುವುದಾದರೆ ‘ಎ’ಯನ್ನೇ ಕೊಳ್ಳಿ.

ಎಂಜಿನ್ನಿಗೆ ಗಾಳಿ ತುಂಬುವ ಟರ್ಬೋಚಾರ್ಜರ್ ಒತ್ತುವ ಗಾಳಿಯಲ್ಲಿ ಒಂದು ಪಾಲು ಕ್ಯಾಬಿನ್ನಿಗೆ ಬರುತ್ತದೆ. ಒಳ-ಹೊರ ಒತ್ತಡದ ವ್ಯತ್ಯಾಸ 4.2 ಪಿಎಸ್‌ಐ; 20,000 ಅಡಿಯಲ್ಲಿ ಹಾರಿದರೂ ಒಳಗೆ 8,000 ಅಡಿಯ ಹವೆ. ಆದರೆ ಎಂಜಿನ್ ಶಕ್ತಿಯ ಹಿಡಿ ಥ್ರಾಟಲ್ ಅನ್ನು ಒಮ್ಮೆಲೇ ಹಿಂದಕ್ಕೆ ಎಳೆದರೆ ಗಾಳಿಯೂ ಕಡಿಮೆಯಾಗಿ ಪ್ರಯಾಣಿಕರು ಕಿವಿ ಹಿಡಿದುಕೊಳ್ಳುತ್ತಾರೆ. ಇಳಿಯುವಾಗ ಮ್ಯಾನಿಫೋಲ್ಡ್ ಒತ್ತಡವನ್ನು (ಎಂಜಿನ್ ಸೇರುವ ಗಾಳಿಯ ಒತ್ತಡ, ಅಳತೆ ಪಾದರಸದ ಇಂಚಿನಲ್ಲಿ) ನಿಮಿಷಕ್ಕೆ ಒಂದಿಂಚಿನಂತೆ ತಗ್ಗಿಸಿ, ಸಿಲಿಂಡರುಗಳಿಗೂ ಅದೇ ಹಿತ. ಬಾಗಿಲ ಅಂಚಿನಲ್ಲಿ ಸಿಳ್ಳೆ ಕೇಳಿಸಿದರೆ ರಬ್ಬರ್ ಸವೆದಿದೆ ಎಂದರ್ಥ.

ಅದೇ ಟರ್ಬೋ ತಿರುಗಿಸುವ ಬೆಂಕಿಯಂಥ ಹೊಗೆ ಎಂಜಿನ್ ಹೊತ್ತ ಬೀಮ್, ಇಂಧನದ ಪೈಪು, ರೆಕ್ಕೆಯ ಬೆನ್ನೆಲುಬಾದ ಸ್ಪಾರ್‌ಗಳ ಪಕ್ಕದಲ್ಲೇ ಹಾಯುತ್ತದೆ. ಪೈಪು ಬಿರಿದರೆ, ಕ್ಲ್ಯಾಂಪ್ ಸಡಿಲಿದರೆ, ಎದುರಿಗಿದ್ದ ಲೋಹಕ್ಕೆ ವೆಲ್ಡಿಂಗ್ ಟಾರ್ಚ್ ಹಿಡಿದಂತೆ. ಇದಕ್ಕಾಗಿಯೇ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್ಎಎ 2000ದಲ್ಲಿ ಕಡ್ಡಾಯ ತಪಾಸಣೆಯ ಆದೇಶ ಹೊರಡಿಸಿತು. ಕಣ್ಣಲ್ಲಿ ನೋಡುವ ಪರೀಕ್ಷೆ ಹಾರಾಟದ 50 ಗಂಟೆಗೊಮ್ಮೆ. ಟಾರ್ಚು, ಪುಟ್ಟ ಕನ್ನಡಿ ಹಿಡಿದು ಜಾಯಿಂಟುಗಳ ಹಿಂಬದಿ ನೋಡಿ: ಬೂದಿಬಣ್ಣದ ಪುಡಿ ಮೆತ್ತಿದ್ದರೆ ಸೋರಿಕೆ, ಪೈಪು ಉಬ್ಬಿದ್ದರೆ ಲೋಹ ತೆಳುವಾಗಿದೆ. ಲಾಗ್‌ಬುಕ್ಕಿನಲ್ಲಿ ಈ ದಾಖಲೆಗಳೇ ಇಲ್ಲವೆಂದರೆ ಎದ್ದು ಬನ್ನಿ, ಬೆಲೆ ಎಷ್ಟೇ ಇಳಿಸಲಿ.

ಇಂಧನದ ಕ್ರಮವೂ ಸ್ವಲ್ಪ ವಿಚಿತ್ರ. ಮುಖ್ಯ ಟ್ಯಾಂಕುಗಳಿರುವುದು ರೆಕ್ಕೆಯ ತುದಿಯಲ್ಲಿ. ಇಂಜೆಕ್ಷನ್ ಪಂಪು ಉಳಿಸಿದ ಪೆಟ್ರೋಲು ವಾಪಸು ಹೋಗುವುದು ಅಲ್ಲಿಗೇ, ನೀವು ಯಾವ ಟ್ಯಾಂಕಿನಿಂದ ಸೇದುತ್ತಿದ್ದರೂ. ತುದಿಯ ಟ್ಯಾಂಕು ತುಂಬಿರುವಾಗಲೇ ಆಕ್ಸಿಲರಿಗೆ, ಅಂದರೆ ಹೆಚ್ಚುವರಿ ಟ್ಯಾಂಕಿಗೆ, ತಿರುಗಿಸಿದರೆ ಆ ಪೆಟ್ರೋಲು ಗಾಳಿಕಿಂಡಿಯಿಂದ (ವೆಂಟ್) ಆಕಾಶದ ಪಾಲು. 40 ಗ್ಯಾಲನ್ ಆಕ್ಸಿಲರಿ ಇದ್ದರೆ ಮೊದಲ 60 ನಿಮಿಷ, 63 ಗ್ಯಾಲನ್ ಇದ್ದರೆ 90 ನಿಮಿಷ ಮುಖ್ಯ ಟ್ಯಾಂಕಿನಲ್ಲೇ ಹಾರಿಸಿ. ಎಂಜಿನ್ ಪಂಪು ಕೈಕೊಟ್ಟಾಗಲೂ ತಕ್ಷಣ ಮುಖ್ಯಕ್ಕೇ ತಿರುಗಿಸಬೇಕು, ವಿದ್ಯುತ್ ಪಂಪು ಇರುವುದು ಅಲ್ಲಿ ಮಾತ್ರ.

ಎಲ್ಲ ಟ್ಯಾಂಕುಗಳಿರುವ ವಿಮಾನ ಹಿಡಿಯುವುದು 203 ಗ್ಯಾಲನ್, ತೂಕ ಸುಮಾರು 550 ಕೆಜಿ. ಅಷ್ಟೂ ತುಂಬಿದರೆ ಉಳಿದ ಜಾಗಕ್ಕೆ ಪೈಲಟ್ ಸೇರಿ ಮೂರು ಜನ, ಅವರ ಚೀಲ. ಆರು ಸೀಟು ಜಾಹೀರಾತಿಗೆ. ಅಷ್ಟು ಭಾರದಲ್ಲಿ ಒಂದು ಎಂಜಿನ್ ನಿಂತರೆ, ಅದರ ಪ್ರೊಪೆಲರ್ ಫೆದರ್ ಆಗಿ (ಅಲಗು ಗಾಳಿಗೆ ಅಡ್ಡವಾಗದಂತೆ ತಿರುಗಿ) ಚಕ್ರ ಮೇಲೆ ಹೋದ ನಂತರವೂ, ಸಮುದ್ರಮಟ್ಟದಲ್ಲಿ ಏರುವುದು ನಿಮಿಷಕ್ಕೆ ಸುಮಾರು 300 ಅಡಿ. ಬಿಸಿಲಿನ ಮಧ್ಯಾಹ್ನ ಅದೂ ಸಿಗದು.