ಕವಾಟ ಬದಲಿಸುವ ಮುನ್ನ: ಒಂದು ಆಸ್ಪತ್ರೆಯ ಪೂರ್ವಸಿದ್ಧತಾ ಸೇವೆ

ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕೆಟ್ಟಿದ್ದ ನನ್ನ ಹೃದಯದ ಮೈಟ್ರಲ್ ಕವಾಟವು (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಬಾಗಿಲು) 52ನೆಯ ವಯಸ್ಸಿನಲ್ಲಿ ಬದಲಿಸಲೇಬೇಕಾದಷ್ಟು ಕಿರಿದಾಗಿದ್ದರಿಂದ, ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಸಿಕೊಂಡೆ. ಶಸ್ತ್ರವೈದ್ಯರ ಕೌಶಲವನ್ನು ಅಳೆಯುವ ಅರ್ಹತೆ ನನಗಿಲ್ಲ. ಅದಕ್ಕೂ ಮುಂಚೆ ಆಸ್ಪತ್ರೆಯು ರೋಗಿಯನ್ನು ಹೇಗೆ ಅಣಿಗೊಳಿಸುತ್ತದೆ ಎಂಬುದಷ್ಟೇ ಈ ಬರಹದ ವಿಷಯ.

ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ, ಎಕೋ (ಹೃದಯದ ಅಲ್ಟ್ರಾಸೌಂಡ್), ಆಂಜಿಯೋಗ್ರಾಮ್ ಎಲ್ಲವೂ ಎರಡೇ ದಿನಗಳಲ್ಲಿ ಮುಗಿದವು. ಹೃದಯದ ರಕ್ತನಾಳಗಳಲ್ಲಿ ಅಡಚಣೆಯಿದ್ದರೆ ಎದೆ ತೆರೆದಾಗಲೇ ಬೈಪಾಸನ್ನೂ ಮಾಡಬಹುದೆಂಬ ಕಾರಣಕ್ಕೆ ಆಂಜಿಯೋಗ್ರಾಮ್ ಬೇಕೆಂದು ತಂತ್ರಜ್ಞರು ತಾವಾಗಿಯೇ ವಿವರಿಸಿದರು. ಆದರೆ ದಂತಪರೀಕ್ಷೆಯ ಮಾತು ಬಂದದ್ದು ದಾಖಲಾಗುವುದಕ್ಕೆ ಮೂರು ದಿನ ಮೊದಲು. ಹುಳುಕು ಹಲ್ಲಿನ ರೋಗಾಣುಗಳು ರಕ್ತಕ್ಕೆ ಸೇರಿ ಹೊಸ ಕವಾಟಕ್ಕೆ ಸೋಂಕು ತರಬಹುದಾದ್ದರಿಂದ ಎರಡು ಹಲ್ಲುಗಳನ್ನು ಕೀಳಬೇಕಾಯಿತು. ಒಸಡು ಮಾಯಲೆಂದು ಶಸ್ತ್ರಚಿಕಿತ್ಸೆಯನ್ನು ಒಂದು ವಾರ ಮುಂದೂಡಿದರು. ಮೊದಲ ಭೇಟಿಯಲ್ಲೇ ಹೇಳಬೇಕಾದ ಸಂಗತಿಯಿದು. ನನ್ನ ತಮ್ಮನ ರಜೆ ವ್ಯರ್ಥವಾಯಿತು.

ಅತ್ಯಂತ ನಿರಾಶೆ ತಂದದ್ದು ಕವಾಟದ ಆಯ್ಕೆಯ ಸಮಾಲೋಚನೆ. ಲೋಹ, ಕಾರ್ಬನ್ ಮುಂತಾದವುಗಳಿಂದ ಮಾಡಿದ ಯಾಂತ್ರಿಕ ಕವಾಟ ದೀರ್ಘಕಾಲ ಬಾಳುತ್ತದೆಯಾದರೂ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ವಾರ್ಫರಿನ್ ಅಥವಾ ಅಸಿಟ್ರಾಂ ಮಾತ್ರೆ ನುಂಗಿ, ಆಗಾಗ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಪರೀಕ್ಷಿಸಿಕೊಳ್ಳುತ್ತಿರಬೇಕು. ಹಸು ಅಥವಾ ಹಂದಿಯ ಅಂಗಾಂಶದ ಕವಾಟಕ್ಕೆ ಆ ಕಟ್ಟುಪಾಡು ಕಡಿಮೆ. ಆದರೆ ಹತ್ತು ಹದಿನೈದು ವರ್ಷಗಳಲ್ಲಿ ಸವೆದು ಮತ್ತೊಮ್ಮೆ ಎದೆ ತೆರೆಯಬೇಕಾಗಬಹುದು. ಇಷ್ಟು ದೊಡ್ಡ ತೀರ್ಮಾನಕ್ಕೆ ಸಿಕ್ಕಿದ್ದು ಹದಿನೈದು ನಿಮಿಷ, ಒಂದು ಇಂಗ್ಲಿಷ್ ಒಪ್ಪಿಗೆಪತ್ರ ಮತ್ತು ಎರಡು ವಿದೇಶಿ ಕವಾಟಗಳ ದರಪಟ್ಟಿ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ರೂಪುಗೊಂಡು, 1990ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲಾದ ಚಿತ್ರಾ ಕವಾಟದ ಬಗ್ಗೆ ನಾನೇ ಕೇಳಿದಾಗ, ಆಪ್ತಸಮಾಲೋಚಕರು ಕಾಗದಗಳನ್ನು ತಿರುವತೊಡಗಿದರು. ಮರುದಿನ ಶಸ್ತ್ರವೈದ್ಯರನ್ನೇ ಹಿಡಿದು ಕೂರಿಸಿಕೊಂಡ ಮೇಲೆಯೇ ನನ್ನ ವಯಸ್ಸಿಗೆ ಯಾಂತ್ರಿಕ ಕವಾಟವನ್ನು ಏಕೆ ಸೂಚಿಸುತ್ತಿದ್ದಾರೆಂಬುದು ತಿಳಿದದ್ದು.

ಪಥ್ಯದ ಹಾಳೆಯೂ ಎಲ್ಲಿಂದಲೋ ನಕಲು ಮಾಡಿದಂತಿತ್ತು. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ನಂಥ ಮಾತ್ರೆಗಳ ಪರಿಣಾಮವನ್ನು ತಗ್ಗಿಸುತ್ತದೆ. ಕೇಲ್, ಬ್ರೊಕೋಲಿಗಳ ವಿಷಯದಲ್ಲಿ ಎಚ್ಚರಿಕೆಯೆಂದಿತ್ತೇ ಹೊರತು ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಬೇಯುವ ದಂಟು, ನುಗ್ಗೆಸೊಪ್ಪುಗಳ ಸುದ್ದಿಯೇ ಇರಲಿಲ್ಲ. ಸೊಪ್ಪನ್ನು ಬಿಡಬೇಕಿಲ್ಲ, ಪ್ರಮಾಣ ವಾರದಿಂದ ವಾರಕ್ಕೆ ಏರುಪೇರಾಗದಿದ್ದರೆ ಸಾಕೆಂದು ಹೇಳಿದವರು ವಾರ್ಡಿನ ಹಿರಿಯ ನರ್ಸ್.

ಇನ್ನು ಫಿಸಿಯೋಥೆರಪಿ ವಿಭಾಗದ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಉಸಿರಾಟದ ವ್ಯಾಯಾಮಕ್ಕೆಂದು ಮೂರು ಚೆಂಡುಗಳ ಸ್ಪೈರೋಮೀಟರನ್ನು ಕೈಗಿತ್ತು, ಉಸಿರನ್ನು ನಿಧಾನವಾಗಿ ಒಳಗೆಳೆದು ಚೆಂಡನ್ನು ಮೇಲೆಯೇ ನಿಲ್ಲಿಸುವುದನ್ನು ಕಲಿಸಿದರು. ಊದುವ ಆಟಿಕೆಯೆಂದು ಭಾವಿಸಿದ್ದ ನನಗೆ ಮೊದಲ ದಿನ ಒಂದು ಚೆಂಡೂ ಅಲುಗಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಸೀಳಿ ಆಮೇಲೆ ತಂತಿಯಿಂದ ಬಿಗಿಯುವ ಎದೆಮೂಳೆಗೆ ಆಧಾರವಾಗುವಂತೆ ದಿಂಬನ್ನು ಅಪ್ಪಿಕೊಂಡು ಕೆಮ್ಮುವುದನ್ನೂ, ಕೈಯೂರದೆ ಮಗ್ಗುಲಾಗಿ ಹೊರಳಿ ಏಳುವುದನ್ನೂ ದಿನವೂ ಮಾಡಿಸಿದರು. ಎಚ್ಚರವಾದಾಗ ಗಂಟಲಿನಲ್ಲಿ ವೆಂಟಿಲೇಟರಿನ ಕೊಳವೆಯಿದ್ದು ಮಾತು ಹೊರಡುವುದಿಲ್ಲವೆಂದು ತಿಳಿಸಿ, ನೋವಿಗೆ ಒಂದು ಬೆರಳು, ಬಾಯಾರಿಕೆಗೆ ಎರಡು ಎಂಬ ಸಂಜ್ಞೆಗಳನ್ನು ನನಗೂ ನನ್ನ ಹೆಂಡತಿಗೂ ಅಭ್ಯಾಸ ಮಾಡಿಸಿದರು.

ಹಿಂದಿನ ರಾತ್ರಿಯ ಸಿದ್ಧತೆಯಲ್ಲಿ ಕೊರತೆಯಿರಲಿಲ್ಲ. ರೋಗಾಣುನಾಶಕ ಕ್ಲೋರ್‌ಹೆಕ್ಸಿಡಿನ್ ದ್ರಾವಣದ ಸ್ನಾನವಾಯಿತು. ಚರ್ಮ ಗೀರಿದರೆ ಸೋಂಕಿಗೆ ದಾರಿಯೆಂದು ಬ್ಲೇಡಿನ ಬದಲು ಕ್ಲಿಪ್ಪರಿನಿಂದಲೇ ಕೂದಲು ತೆಗೆದರು.

ಮಾರನೆಯ ದಿನ ಐಸಿಯುನಲ್ಲಿ ಕಣ್ಣು ಬಿಟ್ಟು ನಾನು ಎತ್ತಿದ್ದು ಎರಡು ಬೆರಳು. ನರ್ಸ್ ಒದ್ದೆ ಹತ್ತಿಯಿಂದ ತುಟಿ ಒರೆಸಿದರು.